ಕತ್ತಲೆಯ ಗೆರೆ

ಫೆಬ್ರವರಿ 3, ಸೋಮವಾರ

ಮದುವೆಯಾದ ಮೇಲೆ ಇವತ್ತೇ ಮೊದಲ ಸಲ ಲ್ಯಾಬಿಗೆ ಹೋದದ್ದು. ಸರೋವರದ ದಡದ ನಮ್ಮೂರು ಎಂಟೆಬ್ಬೆಯ ರಸ್ತೆ ಅದೇ, ಕಸದ ತೊಟ್ಟಿಯ ಮೇಲೆ ಪಾದ್ರಿಗಳ ಹಾಗೆ ಗಂಭೀರವಾಗಿ ನಿಂತಿರುವ ದೊಡ್ಡ ಕೊಕ್ಕರೆಗಳೂ ಅವೇ. ಆದರೂ ಎಲ್ಲವನ್ನೂ ಯಾರೋ ಬೆಳಿಗ್ಗೆಯೇ ತೊಳೆದು ಒರೆಸಿ ಇಟ್ಟಿದ್ದಾರೆ ಅನ್ನಿಸಿತು. ಕೈಗವಸು ಹಾಕಿಕೊಳ್ಳುವಾಗ ಉಂಗುರ ಅಡ್ಡ ಬಂತು. ತೆಗೆದು ಕತ್ತಿನ ಸರಕ್ಕೆ ಪೋಣಿಸಿಕೊಂಡೆ. ಬಗ್ಗಿದಾಗಲೆಲ್ಲ ಎದೆಗೆ ತಣ್ಣಗೆ ತಾಗುತ್ತಿತ್ತು, ನನ್ನ ಗಂಡ ಕಿಸಿತು ಮೆಲ್ಲಗೆ ಕರೆದ ಹಾಗೆ.

"ಮದುಮಗಳು ಬಂದ್ಲು. ಇನ್ನು ಪಿಪೆಟ್ಟಲ್ಲಿ ಜೇನುತುಪ್ಪ ಬರುತ್ತೆ, ನೋಡ್ತಾ ಇರಿ," ಅಂದ ಎತ್ಯಾಂಗ್. ಅವನು ನನ್ನ ಪಕ್ಕದ ಬೆಂಚಿನವನು, ಬಾಯಿಗೆ ಬೀಗವಿಲ್ಲ.

"ನಿಂಗೆ ಹೊಟ್ಟೆಕಿಚ್ಚು."

"ಹೌದು ತಾಯಿ. ನನ್ನ ಹೆಂಡ್ತಿ ನಂಗೆ ಟೀ ಕೊಡೋವಾಗ ಮೊಣಕಾಲೂರೋದಿರ್ಲಿ, ತಿರುಗಿ ಕೂಡ ನೋಡಲ್ಲ."

ಹೆಂಡತಿ ಮೊಣಕಾಲೂರಿ ಗಂಡನಿಗೆ ಬಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ನಾನು ಮೊಣಕಾಲೂರುತ್ತೇನೆ. ಬೇಕಂತಲೇ, ನಾಟಕದ ರಾಣಿಯ ಹಾಗೆ ಊರಿ ಬಡಿಸುತ್ತೇನೆ, ಇಬ್ಬರೂ ನಗುತ್ತೇವೆ.

ನಮ್ಮ ಮುಖ್ಯಸ್ಥೆ ಡಾಕ್ಟರ್ ಅಚೆಂಗ್ ಒಂದೇ ಒಂದು ಶುಭಾಶಯ ಹೇಳಿ ಕೆಲಸಕ್ಕೆ ಬಂದರು. ಹೊಸ ಔಷಧದ ರಕ್ತಪರೀಕ್ಷೆ ನಮಗೇ ಸಿಕ್ಕಿದೆ. ಎಚ್‌ಐವಿ ಇಲ್ಲದವರಿಗೆ ಅದು ಬಾರದಂತೆ ತಡೆಯಲು ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಔಷಧ ಅದು, ಜೀವಕೋಶಗಳಲ್ಲಿ ಬೆಳೆಸಿದ್ದು. ಕೆಲವರ ಮೈ ಆ ಔಷಧವನ್ನೇ ಶತ್ರುವೆಂದು ತಿಳಿದು ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿಬಿಡುತ್ತದೆ. ಅಂಥವರು ಯಾರೆಂದು ಹುಡುಕುವುದು ನಮ್ಮ ಕೆಲಸ. ಅವರ ರಕ್ತ ಸಣ್ಣ ಸಣ್ಣ ಕುಳಿಗಳಿರುವ ನಮ್ಮ ಪ್ಲೇಟಿನಲ್ಲಿ ಬೆಳಗುತ್ತದೆ, ಉಳಿದವರದು ಕತ್ತಲೆ. ಆದರೆ ಕತ್ತಲೆ ಎಂದರೆ ಎಷ್ಟು ಕತ್ತಲೆ? ಆ ಗೆರೆ ಎಳೆಯಬೇಕಾದರೆ ಈ ಔಷಧ ಮೈಗೆ ಸೋಕಿಯೇ ಇಲ್ಲದ ಆರೋಗ್ಯವಂತರ ರಕ್ತ ಬೇಕು.

"ಜನ ಸಾಲ್ತಿಲ್ಲ. ನಿಮ್ಮ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ," ಅಂದರು ಡಾಕ್ಟರ್.

ನಾನು ಮೊದಲು ಕೈ ಎತ್ತಿದೆ. ಅಂತೂ ಕಿಸಿತುವನ್ನು ಎಲ್ಲರಿಗೂ ತೋರಿಸಲು ಒಂದು ನೆಪ.

ಫೆಬ್ರವರಿ 5, ಬುಧವಾರ

ಕಿಸಿತು ಬಂದಿದ್ದ. ಮೀನಿನ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಮದುವೆಯ ಮಾರನೆಯ ದಿನದ ನೀಲಿ ಅಂಗಿ ತೊಟ್ಟು ಬಂದಿದ್ದ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಲು ನನಗೆ ಮನಸ್ಸಾಗಲಿಲ್ಲ. ಗೇಟಿನೆದುರಿನ ಹೋಟೆಲಿನಲ್ಲಿ ಕಾಟೋಗೊ ತಿನ್ನಿಸಿದೆ, ಬಾಳೆಕಾಯಿಯ ಜೊತೆ ಕರುಳು ಬೇಯಿಸಿದ್ದು, ಮೇಲೆ ಬೆರಳುದ್ದ ಕೊಬ್ಬು ತೇಲುತ್ತಿತ್ತು. ಇನ್ನೊಂದು ತಟ್ಟೆ ಹಾಕಿಸಿದೆ. ತಿನ್ನುವಾಗ ಅವನ ಕಿವಿ ಅಲ್ಲಾಡುತ್ತದೆ. ಅದನ್ನು ನೋಡುತ್ತಾ ಕೂತರೆ ನನಗೆ ಬೇರೆ ಸಿನಿಮಾ ಬೇಡ.

ನರ್ಸಿಗೆ ಕೈತುಂಬ ಕೆಲಸವಿತ್ತು, ಪ್ರಶ್ನೆಗಳನ್ನು ನಾನೇ ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ನಾನೇ ಉತ್ತರವನ್ನೂ ಹೇಳಿಕೊಂಡೆ ಅನ್ನಬೇಕು. ಸಕ್ಕರೆ ಕಾಯಿಲೆ? ಇಲ್ಲ. ಈಚೆಗೆ ಜ್ವರ? ಇಲ್ಲ. ಈ ಔಷಧವನ್ನಾಗಲಿ ಇಂಥ ಬೇರೆ ಔಷಧವನ್ನಾಗಲಿ ತೆಗೆದುಕೊಂಡದ್ದು? ಅವನು ಏನೋ ಹೇಳಲು ಬಾಯಿ ತೆರೆದ. ನಾನು ಅವನ ತುಟಿಯ ಮೇಲೆ ಬೆರಳಿಟ್ಟೆ.

"ಸುಮ್ನಿರು. ನಿನ್ನ ಬಗ್ಗೆ ನಂಗೆ ಗೊತ್ತಿಲ್ದೇ ಇರೋದು ಏನಿದೆ?"

"ನೀವೇ ಬಲ್ಲಿರಿ, ಮುಕ್ಯಾಲ," ಅಂದ. ಮನೆಯೊಡತಿಯನ್ನು ಕರೆಯುವ ಹಾಗೆ ಅವನು ನನ್ನನ್ನು ಕರೆಯುವುದು, ಪೂರ್ತಿ ಗೌರವ ಕೊಟ್ಟು ಅರ್ಧ ಗೇಲಿ ಮಾಡುವುದು.

ಸೀಸೆಗಳಿಗೆ ಬರೀ ಸಂಖ್ಯೆ, ಯಾರದೆಂದು ಯಾರಿಗೂ ತಿಳಿಯಬಾರದು. ಆದರೆ ಯಂತ್ರದಲ್ಲಿ ತಿರುಗಿಸಿ ಸೀರಮ್ ಬೇರೆ ಮಾಡಿದಾಗ ಎಲ್ಲರದೂ ತಿಳಿ ಹಳದಿ, ಒಂದು ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಕಾಟೋಗೊದ ಕೊಬ್ಬೆಲ್ಲ ಅಲ್ಲಿತ್ತು.

"ಯಾರಮ್ಮಾ ಇದು, ಉದ್ದ ಕೊಂಬಿನ ಅಂಕೋಲೆ ಹಸು ಕರ್ಕೊಂಡ್ಬಂದು ರಕ್ತ ಕೊಡಿಸ್ದೋರು?" ಅಂದ ಎತ್ಯಾಂಗ್.

ನಾನು ಹೇಳಲಿಲ್ಲ. ಆ ಸೀಸೆಯನ್ನು ಸ್ಟ್ಯಾಂಡಿನಲ್ಲಿ ಇಡುವಾಗ ಯಾರಿಗೂ ಕಾಣದಂತೆ ಅದಕ್ಕೊಂದು ಮುತ್ತು ಕೊಟ್ಟೆ, ಮುಖಗವಸಿನ ಮೇಲಿಂದಲೇ.

ಫೆಬ್ರವರಿ 9, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಸೆಂಗಾ ಮನೆಗೆ ಊಟಕ್ಕೆ ಹೋದೆವು. ಸೆಂಗಾ ಅಂದರೆ ಅಪ್ಪನ ತಂಗಿ. ನಮ್ಮಲ್ಲಿ ಹುಡುಗಿಯನ್ನು ಮದುವೆಗೆ ಸಿದ್ಧ ಮಾಡುವವಳು ಅಮ್ಮನಲ್ಲ, ಇವಳೇ. ಅಮ್ಮನ ಬಾಯಲ್ಲಿ ಬರಬಾರದ ಮಾತುಗಳನ್ನೆಲ್ಲ ಇವಳು ಅಕ್ಕಿ ಆರಿಸುತ್ತಾ ಹೇಳಿಬಿಡುತ್ತಾಳೆ.

"ಗಂಡ ಹೆಂಗಿದಾನೆ?"

"ಸೆಂಗಾ, ಹೇಳೋಕೆ ಮಾತೇ ಸಾಲಲ್ಲ."

"ಮಾತು ಸಾಲ್ದೇ ಇರೋ ಕಾಲ ಇದು. ಮುಂದೆ ಮಾತು ಜಾಸ್ತಿಯಾಗುತ್ತೆ. ಏನು ಕೇಳೋದಿದ್ರೂ ಅವನ ಹೊಟ್ಟೆ ತುಂಬಿದ ಮೇಲೆ ಕೇಳು."

ನನಗೇನಿದೆ ಕೇಳಲು? ಇಬ್ಬರ ನಡುವೆ ಒಂದು ಪರದೆಯೂ ಬೇಡ ಎಂದು ಮದುವೆಗೆ ಮೊದಲೇ ಮಾತಾಡಿಕೊಂಡಿದ್ದೇವೆ. ಫೋನಿನ ಗುಟ್ಟಿನ ಸಂಖ್ಯೆ ಕೂಡ ಒಂದೇ.

ಫೆಬ್ರವರಿ 13, ಗುರುವಾರ

ಮೊದಲ ಪ್ಲೇಟು ಓಡಿಸಿದೆವು. ಈ ಪರೀಕ್ಷೆ ನನಗೆ ಯಾಕಿಷ್ಟು ಇಷ್ಟ ಎಂದು ಮೊನ್ನೆ ಕಿಸಿತುವಿಗೆ ವಿವರಿಸಿದ್ದೆ. ಔಷಧದ ಎರಡು ತುಣುಕು: ಒಂದು ಕುಳಿಯ ತಳಕ್ಕೆ ಅಂಟಿ ಕೂರುತ್ತದೆ, ಇನ್ನೊಂದು ಬೆಳಕು ಕೊಡುವ ಲೋಹವನ್ನು ಹೊತ್ತುಕೊಂಡು ತೇಲುತ್ತಿರುತ್ತದೆ. ರಕ್ತದಲ್ಲಿ ಆ ಪ್ರತಿಕಾಯವಿದ್ದರೆ ಅದು ಒಂದು ಕೈಯಲ್ಲಿ ಇದನ್ನು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಆಗ ತಳಕ್ಕೆ ವಿದ್ಯುತ್ ಕೊಟ್ಟರೆ ಬೆಳಕು. ಹಿಡಿಯುವವರು ಇಲ್ಲದಿದ್ದರೆ ತೇಲುವುದೆಲ್ಲ ತೊಳೆದು ಹೋಗುತ್ತದೆ, ಕುಳಿ ಕತ್ತಲೆ. ಇಬ್ಬರು ಕೈ ಹಿಡಿದರೆ ಮಾತ್ರ ದೀಪ. ಕಿಸಿತು, "ನಮ್ಮ ಮದುವೆ ಪಾದ್ರಿಗಿಂತ ಚೆನ್ನಾಗಿ ಹೇಳ್ತೀಯ," ಅಂದಿದ್ದ.

ಇವತ್ತು ಪರದೆಯ ಮೇಲೆ ಎಲ್ಲವೂ ನಿರೀಕ್ಷಿಸಿದಂತೆ ಕತ್ತಲೆ. ಒಂದು ಬಿಟ್ಟು. ಅದೂ ಮಿಣುಕಲ್ಲ, ರಾತ್ರಿ ಸರೋವರದಲ್ಲಿ ಮೀನಿಗೆ ಹೋದ ದೋಣಿಯ ಲಾಟೀನಿನ ಹಾಗೆ.

ಹಾಲುಬಣ್ಣದ ಸೀಸೆ.

"ಆ ಹಸು ಹೊಳೀತಾ ಇದೆ," ಅಂದ ಎತ್ಯಾಂಗ್.

ಕೊಬ್ಬು ಇದ್ದರೆ ಹೀಗೆ ಸುಳ್ಳು ಬೆಳಕು ಬರುವುದುಂಟು. ತಪ್ಪು ನನ್ನದೇ, ತಿನ್ನಿಸಿದವಳು ನಾನು. ನಾಳೆ ಕೊಬ್ಬು ತೆಗೆದು ಮತ್ತೆ ನೋಡುತ್ತೇನೆ.

ಫೆಬ್ರವರಿ 14, ಶುಕ್ರವಾರ

ಕೊಬ್ಬು ತೆಗೆದೆ. ಸೀರಮ್ ತಿಳಿಯಾಯಿತು. ಬೆಳಕು ಇನ್ನೂ ಹೆಚ್ಚಾಯಿತು.

ಪ್ರೇಮಿಗಳ ದಿನವೆಂದು ಕಿಸಿತು ಗುಲಾಬಿ ತಂದಿದ್ದಾನೆ. ಒಂದರ ಮುಳ್ಳು ತೆಗೆಯಲು ಮರೆತಿದ್ದಾರೆ.

ಫೆಬ್ರವರಿ 18, ಮಂಗಳವಾರ

ಕೊನೆಯ ಪರೀಕ್ಷೆಯನ್ನೂ ಮಾಡಿದೆ. ಬೆಳಗುವ ಸೀರಮ್ಮಿಗೆ ಹೊರಗಿನಿಂದ ಔಷಧವನ್ನೇ ಧಾರಾಳವಾಗಿ ಸುರಿಯುವುದು. ಪ್ರತಿಕಾಯ ನಿಜವಾದದ್ದಾದರೆ ಅದರ ಕೈಗಳೆಲ್ಲ ಈ ಬಿಡಿ ಔಷಧದಲ್ಲೇ ತುಂಬಿಹೋಗಿ ದೀಪ ಆರುತ್ತದೆ. ಸುಳ್ಳು ಬೆಳಕಾದರೆ ಉರಿಯುತ್ತಲೇ ಇರುತ್ತದೆ.

ಉರಿಯಲಿ ಎಂದು ಬೇಡಿಕೊಂಡೆ. ಆರಿತು.

ಅಂದರೆ ಅವನ ಮೈ ಈ ಔಷಧವನ್ನು ಮೊದಲೇ ಬಲ್ಲದು. ಇದು ಅಂಗಡಿಯಲ್ಲಿ ಸಿಗುವುದಲ್ಲ. ಇದರ ಮೊದಲ ಸುತ್ತಿನ ಪ್ರಯೋಗ ಕೆಲವು ವರ್ಷಗಳ ಹಿಂದೆ ಮಸಾಕಾ ಕಡೆಯ ಸರೋವರದ ದಡದ ಹಳ್ಳಿಗಳಲ್ಲಿ ನಡೆದಿತ್ತು, ದಂಪತಿಗಳ ಮೇಲೆ: ಒಬ್ಬರಿಗೆ ವೈರಸ್ ಇದೆ, ಇನ್ನೊಬ್ಬರಿಗೆ ಇಲ್ಲ. ಇಲ್ಲದವರಿಗೆ ಈ ಔಷಧ. ಆಗ ಕಿಸಿತುವಿಗೆ ಕೆಲಸ ಅಲ್ಲೇ, ಕಾರ್ಖಾನೆಗೆ ಮೀನು ಆರಿಸುವುದು. ಅಷ್ಟನ್ನು ಹೇಳಿದ್ದ.

ಅವನಿಗೆ ಕಾಯಿಲೆಯಿಲ್ಲ. ಮದುವೆಗೆ ಮೊದಲು ಚರ್ಚಿನವರು ಇಬ್ಬರಿಗೂ ರಕ್ತಪರೀಕ್ಷೆ ಮಾಡಿಸಿದ್ದರು, ಇಬ್ಬರದೂ ಶುದ್ಧ. ನನಗೆ ಹೆದರಿಕೆಯಾದದ್ದು ಅದಕ್ಕಲ್ಲ. ದಂಪತಿಗಳು ಎಂದರೆ ಇಬ್ಬರು. ಇನ್ನೊಬ್ಬಳು ಯಾರು?

ಡಾಕ್ಟರ್ ಅಚೆಂಗ್ ಕೇಳಿದರು, "ಈ ಒಂದರ ಕತೆ ಏನು, ನಸ್ಸೂನಾ?"

"ಕೊಬ್ಬು ಜಾಸ್ತಿ, ಡಾಕ್ಟರ್. ಲೆಕ್ಕದಿಂದ ತೆಗೆದುಬಿಡೋಣ."

ತೆಗೆಯಬೇಕಾದದ್ದು ನಿಜ. ಅವನನ್ನು ಉಳಿಸಿಕೊಂಡರೆ ಗೆರೆ ಮೇಲೇರುತ್ತದೆ, ನಾಳೆ ನಿಜವಾಗಿ ಔಷಧ ಪಡೆದವರ ಸಣ್ಣ ಬೆಳಕು ಕತ್ತಲೆಯೆಂದು ಎಣಿಕೆಯಾಗುತ್ತದೆ. ಕಾರಣ ಮಾತ್ರ ಬೇರೆ ಹೇಳಿದೆ. ಅದು ಸುಳ್ಳಲ್ಲ, ಕೊಬ್ಬು ಇತ್ತಲ್ಲ.

ಫೆಬ್ರವರಿ 20, ಗುರುವಾರ

ಊಟಕ್ಕೆ ಕೂತಾಗ ಉಪ್ಪು ಕೇಳಿದ. ಕೊಟ್ಟೆ.

ಫೆಬ್ರವರಿ 23, ಭಾನುವಾರ

ಹೊಟ್ಟೆ ತುಂಬಿದ ಮೇಲೆಯೇ ಕೇಳಿದೆ. "ಮಸಾಕಾದಲ್ಲಿದ್ದಾಗ ಯಾವತ್ತಾದ್ರೂ ಆಸ್ಪತ್ರೆಗೆ ಹೋಗಿದ್ದೆಯಾ?"

"ಮಲೇರಿಯಾ ಬಂದಾಗ," ಅಂದ, ಬಾಳೆಲೆಯಲ್ಲಿ ಉಳಿದ ನೆಲಗಡಲೆಯ ಸಾರನ್ನು ಬೆರಳಲ್ಲಿ ಬಳಿಯುತ್ತಾ. ಕಿವಿ ಅಲ್ಲಾಡುತ್ತಿತ್ತು. ನೋಡಲು ಅಸಹ್ಯವಾಯಿತು.

ಮಧ್ಯಾಹ್ನ ತಲೆನೋವೆಂದು ಹೇಳಿ ಒಬ್ಬಳೇ ಸೆಂಗಾ ಮನೆಗೆ ಹೋದೆ. ಅವಳು ನನ್ನ ಮುಖ ನೋಡಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನಮ್ಯಾಲೊ ವಿಷ್ಯ ಗೊತ್ತಾಯ್ತಾ?"

ಆ ಇನ್ನೊಬ್ಬಳ ಹೆಸರು ನನಗೆ ಸಿಕ್ಕಿದ್ದು ಹೀಗೆ.

"ನಿಂಗೆ ಗೊತ್ತಿತ್ತಾ, ಸೆಂಗಾ?"

"ಹುಡುಗಿ ಕೊಡೋಕೆ ಮುಂಚೆ ಹುಡುಗನ ಊರಿಗೆ ಹೋಗಿ ವಿಚಾರಿಸದೆ ಇರ್ತೀವಾ? ಅದು ನನ್ನ ಕೆಲಸ. ನಿನ್ನಪ್ಪಂಗೂ ಗೊತ್ತು. ಅವಳಿಗೆ ಕಾಯಿಲೆ ಇತ್ತು, ಇವನಿಗೆ ಅಂಟಲಿಲ್ಲ. ಚರ್ಚಿನ ಪರೀಕ್ಷೆಯಲ್ಲೂ ಸರಿಯಿತ್ತು. ಮುಗೀತಲ್ಲ?"

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಮದುವೆ ಬಟ್ಟೆ ವಾಪಸ್ ಕೊಡ್ತಿದ್ಯಾ? ಮೀನು ಒಣಗಿಸೋ ಹೆಂಗಸು ಅದು. ಕೊನೆಗೆ ಯಾವನೋ ದೋಣಿಯೋನ ಜೊತೆ ಹೋದ್ಲಂತೆ, ಇವನೇ ಕಣ್ಣೀರು ಹಾಕ್ಕೊಂಡು ಎಂಟೆಬ್ಬೆಗೆ ಬಂದ. ಗೆದ್ದೋಳು ನೀನು. ಮನೆಗೆ ಹೋಗಿ ಅಡುಗೆ ಮಾಡು."

ಎಲ್ಲರಿಗೂ ಗೊತ್ತಿತ್ತು. ಮದುವೆಯ ದಿನ ಅಷ್ಟು ಜನ ನನ್ನ ಮದುವೆಯುಡುಪು ಗೋಮೆಸಿಯ ನೆರಿಗೆ ಸರಿಮಾಡುತ್ತಾ ಒಬ್ಬರಿಗೊಬ್ಬರು ಕಣ್ಣಲ್ಲೇ ಮಾತಾಡಿಕೊಂಡಿರಬೇಕು. ಕತ್ತಲೆಯಲ್ಲಿದ್ದವಳು ನಾನೊಬ್ಬಳೇ.

ಫೆಬ್ರವರಿ 27, ಗುರುವಾರ

ಇವತ್ತು ಸಂಜೆ ಕೇಳಿಬಿಟ್ಟೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

"ನಮ್ಯಾಲೊ ಹೆಂಗಿದ್ಲು?" ಅಂದೆ.

ಅವನು ಶೂ ಬಿಚ್ಚುತ್ತಿದ್ದ. ಹಾಗೇ ನಿಲ್ಲಿಸಿದ. "ಸೆಂಗಾ ಹೇಳಿದ್ರಾ?"

"ನಿನ್ನ ರಕ್ತ ಹೇಳ್ತು. ಸೆಂಗಾ ಹೆಸರು ಹೇಳಿದ್ಲು."

"ಅವತ್ತೇ ಹೇಳೋಣ ಅಂತ ಬಾಯಿ ತೆಗೆದೆ. ನೀನು ಬೆರಳಿಟ್ಟೆ."

"ಒಂದು ಬೆರಳಿಗೆ ಹೆದರ್ಕೊಂಡ್ಯಾ?"

"ಬೆರಳಿಗಲ್ಲ. ನೀನು ಅಷ್ಟು ಖುಷಿಯಾಗಿದ್ದೆ. ಆಮೇಲೆ ದಿನ ಹೋದಷ್ಟೂ ಹೇಳೋದು ಕಷ್ಟವಾಯ್ತು. ಮೊನ್ನೆ ಮಲೇರಿಯಾ ಅಂದೆ. ಅದು ನನ್ನ ತಪ್ಪು."

ಆಮೇಲೆ ಅವನಾಗಿಯೇ ಹೇಳಿದ. ಅವಳಿಗೆ ಕೊಟ್ಟ ಮಾತ್ರೆ ಆಗ ಒಗ್ಗುತ್ತಿರಲಿಲ್ಲವಂತೆ, ಬದಲಿಸಿ ಬದಲಿಸಿ ನೋಡುತ್ತಿದ್ದರಂತೆ. ಇವನು ಪ್ರಯೋಗಕ್ಕೆ ಹೆಸರು ಕೊಟ್ಟ. ತೋಳಿಗೆ ಸೂಜಿ ಚುಚ್ಚಿಸಿಕೊಂಡು ಬೆಂಚಿನ ಮೇಲೆ ಮಲಗುತ್ತಿದ್ದ, ಅವಳು ಹೊರಗೆ ಮರದ ಕೆಳಗೆ ಕಾಯುತ್ತಿದ್ದಳು. ಮಗು ಬೇಕಿತ್ತಂತೆ ಇಬ್ಬರಿಗೂ.

"ಅವಳು ನಂಬ್ಲೇ ಇಲ್ಲ. ಈ ಔಷಧ ನಿನ್ನ ಮೈಯಲ್ಲಿ ನಿಲ್ಲಲ್ಲ, ನಾನು ನಿನ್ನ ಸಾಯಿಸ್ತೀನಿ ಅಂತಿದ್ಲು. ನಿಲ್ಲುತ್ತೆ ಅಂತ ನಾನು ಆಣೆ ಇಟ್ಟೆ. ಆಮೇಲೆ ದೋಣಿಯೋನ ವಿಷ್ಯ ಬಂತು. ಆಗ ಗೊತ್ತಾಯ್ತು, ಔಷಧ ಬರೀ ನೆಪ ಅಂತ." ಅವನು ಶೂವಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. "ಮುಗಿದ ಕತೆ ಇದು. ಅವಳ ಹೆಸರು ಹೇಳಿದ್ರೆ ಈಗಲೂ ಕೋಪ ಬರುತ್ತೆ."

ಕೋಪ ಬರುತ್ತದಂತೆ. ಮುಗಿದ ಕತೆಗೆ ಯಾರಾದರೂ ಕೋಪ ಮಾಡಿಕೊಳ್ಳುತ್ತಾರೆಯೇ? ಇನ್ನೂ ಹಿಡಿದುಕೊಂಡೇ ಇದ್ದಾನೆ, ಒಂದು ಕೈಯಲ್ಲಿ ಅವಳನ್ನು, ಇನ್ನೊಂದು ಕೈಯಲ್ಲಿ ನನ್ನನ್ನು.

"ನಿನ್ನ ಮೈ ಆ ಔಷಧನ ಹೊರಗೆ ಹಾಕ್ತು, ಕಿಸಿತು," ಅಂದೆ. "ಪ್ಲೇಟಲ್ಲಿ ಕಣ್ಣಾರೆ ನೋಡ್ದೆ. ಅದು ನಿನ್ನೊಳಗೆ ನಿಲ್ಲಲೇ ಇಲ್ಲ. ಅವಳಿಗೋಸ್ಕರ ಅಷ್ಟು ಸಲ ಚುಚ್ಚಿಸ್ಕೊಂಡ್ಯಲ್ಲ, ಎಲ್ಲ ನೀರಿಗೆ ಹೋಯ್ತು. ಉಳ್ಕೊಂಡಿದ್ದು ಬರೀ ಅದೃಷ್ಟದಿಂದ."

ರಕ್ತ ಕೊಟ್ಟವರಿಗೆ ಫಲಿತಾಂಶ ಹೇಳುವಂತಿಲ್ಲ. ಹೇಳಿದೆ. ಗಂಡನಿಗೆ ಹೇಳುವುದರಲ್ಲಿ ಏನು ತಪ್ಪು, ನಮ್ಮ ನಡುವೆ ಪರದೆಯಿಲ್ಲ.

ಅವನು ಕೂಗಾಡುತ್ತಾನೆ ಅಂದುಕೊಂಡೆ. ಅಳಬಹುದು ಅಂತಲೂ ಅಂದುಕೊಂಡೆ, ಅತ್ತರೆ ನೋಡೋಣ ಎಂದು ಕಾದೆ. ಅವನು ಬೆರಳಿಗೆ ಸುತ್ತಿದ ದಾರ ಬಿಚ್ಚಿ ಒಂದೇ ಮಾತು ಹೇಳಿದ.

"ಹಂಗಾದ್ರೆ ಅವಳು ಹೇಳಿದ್ದೇ ನಿಜ."

ಫೆಬ್ರವರಿ 28, ಶುಕ್ರವಾರ

ಗೆರೆ ಸಿಕ್ಕಿತು. ಕಿಸಿತುವನ್ನು ಬಿಟ್ಟು ಲೆಕ್ಕ ಹಾಕಿದಾಗ ಎಲ್ಲರದೂ ಒಂದೇ ಸಮ, ಒಂದೂ ಆಚೀಚೆ ಇಲ್ಲ. ಡಾಕ್ಟರ್ ಅಚೆಂಗ್ ಪರದೆಯನ್ನು ನೋಡಿ, "ನಸ್ಸೂನಾ, ನಿನ್ನ ಕತ್ತಲೆ ಬಹಳ ಚೆನ್ನಾಗಿ ಬಂದಿದೆ," ಅಂದರು. ಅವರು ಹೊಗಳುವುದು ಅಪರೂಪ.

ಎತ್ಯಾಂಗ್ ಹತ್ತಿರ ಬಂದು, "ಮದುಮಗಳೇ, ಜೇನು ಖಾಲಿಯಾಯ್ತಾ?" ಅಂದ. ನಿನ್ನ ಕೆಲಸ ನೋಡಿಕೋ ಅಂದೆ. ಅವನು ತನ್ನ ಬೆಂಚಿಗೆ ಹೋಗಿ ಬೆನ್ನು ತಿರುಗಿಸಿ ಕೂತ. ಜನರಿಗೆ ತಮಾಷೆಗೂ ಹೊತ್ತುಗೊತ್ತು ಬೇಡವೇ.

ಮನೆಗೆ ಬಂದಾಗ ಕಿಸಿತು ಚೀಲಕ್ಕೆ ಒಂದು ಜೊತೆ ಬಟ್ಟೆ ತುಂಬುತ್ತಿದ್ದ.

"ನಾಳೆ ಮಸಾಕಾಗೆ ಹೋಗಿ ಬರ್ತೀನಿ. ನೀನು ಬೇಡ ಅಂದ್ರೆ ಹೋಗಲ್ಲ."

"ಅವಳ ಹತ್ರಾನಾ?"

"ಇಷ್ಟು ವರ್ಷ ಅವಳಿಗೆ ಮನಸ್ಸಲ್ಲೇ ಬೈದಿದೀನಿ. ಬಿಟ್ಟುಹೋಗಿ ಅವಳು ನನ್ನ ಉಳಿಸಿದಾಳೆ. ಅದೊಂದು ಮಾತು ಹೇಳಿ ಬರ್ಬೇಕು. ಮನೆ ಒಳಗೆ ಕೂಡ ಹೋಗಲ್ಲ, ಅಂಗಳದಲ್ಲೇ ನಿಂತು ಹೇಳ್ತೀನಿ."

ಆ ಪ್ಲೇಟಿನಿಂದ ಹೇಳಬಹುದಾದದ್ದು ಪ್ರತಿಕಾಯ ಇದೆ ಅನ್ನುವುದಷ್ಟೇ. ಅದು ಔಷಧವನ್ನು ನಿಜವಾಗಿ ಕೆಡಿಸಿತೋ, ಸುಮ್ಮನೆ ಪಕ್ಕದಲ್ಲಿ ಕೂತಿತ್ತೋ ಎಂದು ತಿಳಿಯಲು ಬೇರೆಯೇ ಪರೀಕ್ಷೆಯಿದೆ. ಅದನ್ನು ನಾನು ಮಾಡಿಲ್ಲ. ಹಲವರಲ್ಲಿ ಪ್ರತಿಕಾಯ ಇದ್ದೂ ಔಷಧ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದನ್ನು ಅವನಿಗೆ ಹೇಳಲು ಒಂದು ನಿಮಿಷ ಸಾಕು. ಹೇಳಿದರೆ ಅವನು ಚೀಲ ಕೆಳಗಿಡುತ್ತಾನೆ. ಆಮೇಲೆ ನನ್ನ ಕಡೆ ತಿರುಗಿ, ಹಾಗಾದರೆ ನಿನ್ನೆ ಯಾಕೆ ಹಾಗೆ ಹೇಳಿದೆ, ಅನ್ನುತ್ತಾನೆ.

"ಹೋಗಿ ಬಾ," ಅಂದೆ. ಅಂಗಿಗೆ ಇಸ್ತ್ರಿ ಮಾಡಿಕೊಟ್ಟೆ. ನೀಲಿಯದಲ್ಲ, ಬೇರೆಯದು.

ಮಾರ್ಚ್ 2, ಭಾನುವಾರ

ಚರ್ಚಿಗೆ ಒಬ್ಬಳೇ ಹೋದೆ. ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ಕಾರ್ಖಾನೆ ಕೆಲಸ ಎಂದು ಹೇಳಿದೆ. ಸಲೀಸಾಗಿ ಬಂತು ಮಾತು.

ಮಾರ್ಚ್ 3, ಸೋಮವಾರ

ಕಿಸಿತು ನಿನ್ನೆ ಸಂಜೆ ಬಂದ. ಕತ್ತರಿಸಿ ಹೊಲಿದ ಗಾಯದ ದಾರ ತೆಗೆಸಿಕೊಂಡು ಬಂದವನ ಹಾಗೆ ಹಗುರಾಗಿದ್ದ. ದೋಣಿಯವನು ಯಾರೂ ಇರಲಿಲ್ಲವಂತೆ. ಇವನು ಸುಮ್ಮನೆ ಬಿಟ್ಟು ಹೋಗುವುದಿಲ್ಲ, ಅಸಹ್ಯಪಟ್ಟು ಹೋಗಲಿ ಎಂದು ನಮ್ಯಾಲೊ ತಾನೇ ಕಟ್ಟಿದ ಕತೆಯಂತೆ ಅದು. ಈಗ ಅವಳಿಗೆ ಮಾತ್ರೆ ಒಗ್ಗಿದೆ, ಆರೋಗ್ಯವಾಗಿದ್ದಾಳೆ, ಒಬ್ಬಳೇ ಇದ್ದಾಳೆ. ಇವನ ಮಾತು ಕೇಳಿ ಅಂಗಳದಲ್ಲೇ ಕೂತು ಅತ್ತಳಂತೆ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಇಷ್ಟು ವರ್ಷ ಅವಳಿಗೂ ಗೊತ್ತಿರಲಿಲ್ಲವಂತೆ.

"ಇದನ್ನ ಹೇಳೋಕೆ ಬೇರೆ ಯಾರಿಗೂ ಮನಸ್ಸು ಬರ್ತಿರಲಿಲ್ಲ," ಅಂದ ಕಿಸಿತು. ನನ್ನ ಎರಡೂ ಕೈ ಹಿಡಿದುಕೊಂಡಿದ್ದ. "ಬೇರೆ ಹೆಂಗಸಾಗಿದ್ರೆ ಮುಚ್ಚಿಡ್ತಿದ್ಲು. ನೀನು ಇದ್ದದ್ದು ಇದ್ದಂಗೆ ಹೇಳ್ದೆ. ಇನ್ಮೇಲೆ ನಾನೂ ನಿನ್ನ ಹತ್ರ ಏನೂ ಮುಚ್ಚಿಡಲ್ಲ, ಮುಕ್ಯಾಲ." ಗೇಲಿಯಿಲ್ಲದೆ ಹಾಗೆ ಕರೆದದ್ದು ಇದೇ ಮೊದಲು.

ನಮ್ಯಾಲೊ ನನಗೆಂದು ಒಂದು ಬುಟ್ಟಿ ಕಳಿಸಿದ್ದಾಳೆ. ತಾನೇ ಹೆಣೆದದ್ದು, ಬುಟ್ಟಿಯ ತುಂಬ ಹೊಗೆಯಾಡಿಸಿದ ಮೀನು, ಮೇಲೆ ಬಾಳೆಲೆ ಮುಚ್ಚಿ ದಾರ ಕಟ್ಟಿದ್ದಾಳೆ. ಗಂಟು ಅಚ್ಚುಕಟ್ಟಾಗಿತ್ತು. ರಾತ್ರಿಯೂಟಕ್ಕೆ ಅದನ್ನೇ ನೆಲಗಡಲೆಯ ಸಾರಿನಲ್ಲಿ ಬೇಯಿಸಿದೆ, ಮೊಣಕಾಲೂರಿ ಬಡಿಸಿದೆ. ಅವನು ಮುಳ್ಳು ತೆಗೆದು ಒಳ್ಳೆಯ ತುಂಡುಗಳನ್ನು ನನ್ನ ಕಡೆ ಸರಿಸಿದ. ತಿಂದೆ. ಚೆನ್ನಾಗಿತ್ತು, ಏನು ಹೇಳಲಿ.

ಇವತ್ತು ಸೆಂಗಾ ಫೋನ್ ಮಾಡಿದ್ದಳು. ಅವಳಿಗೆ ಆಗಲೇ ಎಲ್ಲ ತಿಳಿದಿತ್ತು.

"ಬುಟ್ಟಿ ಬರಿದಾಗಿ ವಾಪಸ್ ಹೋಗಬಾರದು, ನೆನಪಿರಲಿ. ಸಕ್ಕರೆ ಹಾಕು, ಸೋಪು ಹಾಕು. ದೊಡ್ಡ ಮನಸ್ಸಿನ ಹೆಂಗಸು ಅಂತ ಮಸಾಕಾವರೆಗೂ ಹೆಸರಾಗಿದೆ ನಿಂದು."

ಕಾರ್ಖಾನೆಯ ಲಾರಿ ನಾಳೆ ಬೆಳಿಗ್ಗೆ ಆ ಕಡೆ ಹೋಗುತ್ತದೆ, ಡ್ರೈವರ್ ಬುಟ್ಟಿ ತಲುಪಿಸುತ್ತಾನೆ. ಅಂಗಡಿಗೆ ಹೋಗಿ ಬೇಕಾದದ್ದೆಲ್ಲ ತಂದೆ. ನೀಲಿ ಸೋಪಿನ ಉದ್ದನೆಯ ತುಂಡನ್ನು ಅಡಿಗಿಟ್ಟು, ಅದರ ಮೇಲೆ ಉಪ್ಪು, ಅದರ ಮೇಲೆ ಸಕ್ಕರೆ ಜೋಡಿಸಿದೆ. ಕಿಸಿತು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅವಳಿಗೆ ಏನಾದ್ರೂ ಮಾತು ಹೇಳಿ ಕಳಿಸ್ಬೇಕಾ?" ಅಂದ.

ಒಂದು ನಿಮಿಷದ ಆ ಮಾತು ಇನ್ನೂ ನನ್ನ ಹತ್ತಿರವೇ ಇತ್ತು. ಬುಟ್ಟಿಯಲ್ಲಿ ಇನ್ನೂ ಸ್ವಲ್ಪ ಜಾಗವಿತ್ತು. ಮನೆಗೆಂದು ತಂದಿದ್ದ ಸಕ್ಕರೆಯ ಪೊಟ್ಟಣವನ್ನೂ ಅದಕ್ಕೇ ಇಟ್ಟು, ಬಾಳೆಲೆ ಮುಚ್ಚಿ, ದಾರ ಬಿಗಿದು ಕಟ್ಟಿದೆ.